ಔಟಾದವರು ಕೂರುವಂತಿಲ್ಲ

ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು ಅಂಗಳಕ್ಕೆ ಕರೆದು, ‘ಎಲ್ಲರೂ ಒಂದೇ ಕಾಲ ಮೇಲೆ ನಿಂತ್ಕೊಳ್ಳಿ ನೋಡೋಣ’ ಅಂದರೆ ಸಾಲು ಅರೆಗಳಿಗೆಯಲ್ಲಿ ಚದುರಿಹೋಗುತ್ತದೆ. ಒಬ್ಬ ಪಕ್ಕದವನ ಹೆಗಲಿಗೆ ಜೋತು ಬೀಳುತ್ತಾನೆ. ಒಬ್ಬಳು ನಿಲ್ಲಲಾಗದೆ ಕುಂಟುತ್ತಾ ಕುಂಟುತ್ತಾ ಬಾವುಟದ ಕಂಬದವರೆಗೆ ಹೋಗುತ್ತಾಳೆ. ಇನ್ನೊಬ್ಬ ಎತ್ತಿದ ತನ್ನ ಕಾಲನ್ನೇ ನೋಡುತ್ತಾ ಮುಗ್ಗರಿಸುತ್ತಾನೆ. ನಾಲ್ಕೈದು ಮಕ್ಕಳು ಮಾತ್ರ ಕೊಕ್ಕರೆಗಳ ಹಾಗೆ ಅಲುಗದೆ ನಿಂತು, ತಾವು ನಿಂತದ್ದನ್ನು ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸುತ್ತಾರೆ. ಕಣ್ಣಾಡಿಸಿದ ಕೂಡಲೇ ಅವರೂ ಬೀಳುತ್ತಾರೆ.

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದ ಟೀಚರ್ ಪ್ರತಿ ವರ್ಷದ ಜೂನ್ ತಿಂಗಳನ್ನು ಹೀಗೇ ಶುರು ಮಾಡುತ್ತಿದ್ದರು. ಬಿದ್ದವರನ್ನು ನೋಡಿ ಯಾರೂ ನಗದ ಹಾಗೆ ಮೊದಲೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಒಂದೇ ಒಂದು ಮಾತು: ‘ಕಾಲ್ನ ನೋಡ್ಬೇಡಿ, ಬಾವುಟದ ಕಂಬ ನೋಡಿ.’ ಅಷ್ಟಕ್ಕೇ ಅರ್ಧ ಸಾಲು ನೆಟ್ಟಗಾಗುತ್ತಿತ್ತು. ದೇಹ ಸಮತೋಲ ಹಿಡಿಯುವುದು ಕಣ್ಣು, ಒಳಕಿವಿ, ಪಾದದ ಗಿಣ್ಣಿನ ಸ್ನಾಯು ಈ ಮೂರೂ ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡು. ಕಣ್ಣು ಒಂದು ಕಡೆ ನಿಂತರೆ ಉಳಿದೆರಡರ ಕೆಲಸ ಹಗುರ. ಆರು ವರ್ಷದ ಮಗುವಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಕಂಬ ತೋರಿಸಿದರೆ ಸಾಕು.

ಪ್ರಾಥಮಿಕ ಶಾಲೆಯ ಆಟದ ಪಾಠ ಯಾರಿಗಾಗಿ ಎಂಬ ಪ್ರಶ್ನೆಗೆ ಟೀಚರ್ ತಮ್ಮ ಇಡೀ ಸೇವಾವಧಿಯಲ್ಲಿ ಕೊಟ್ಟ ಉತ್ತರ ಒಂದೇ. ಮೊದಲು ಬಿದ್ದ ಮಗುವಿಗಾಗಿ. ಗಟ್ಟಿ ನಿಂತ ನಾಲ್ಕೈದು ಮಕ್ಕಳು ಮೇಷ್ಟ್ರಿಲ್ಲದಿದ್ದರೂ ಮರ ಹತ್ತುತ್ತಾರೆ, ಕೆರೆ ಏರಿ ಮೇಲೆ ಓಡುತ್ತಾರೆ, ತಾವೇ ಆಟ ಕಟ್ಟಿಕೊಳ್ಳುತ್ತಾರೆ. ಕಲಿಸದೆ ಬಾರದಿರುವವರಿಗೇ ತರಗತಿ ಬೇಕು. ಗಣಿತದಲ್ಲಿ ಯಾರೂ ಅಲ್ಲಗಳೆಯದ ಈ ಮಾತು ಮೈದಾನಕ್ಕೆ ಬಂದರೆ ಮಾತ್ರ ಎಲ್ಲರಿಗೂ ಹೊಸದು.

ಅವರೇನೂ ಸೋತವರ ಸಾಲಿನಿಂದ ಬಂದವರಲ್ಲ. ಹೈಸ್ಕೂಲಿನಲ್ಲಿ ಖೊಖೊ ಆಡಿ ಜಿಲ್ಲಾ ಮಟ್ಟ ಕಂಡವರು. ಎಂಟು ಜನ ಬೆನ್ನು ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತ ಸಾಲು, ಎರಡು ತುದಿಗೆ ಎರಡು ಕಂಬ, ಅಟ್ಟಿಸಿಕೊಂಡು ಹೋಗುವ ಒಂಬತ್ತನೆಯವಳು, ಹಿಂತಿರುಗುವ ಹಾಗಿಲ್ಲ, ಸಾಲಿನ ನಡುವೆ ನುಸುಳುವ ಹಾಗಿಲ್ಲ. ಬೆನ್ನ ಹಿಂದಿನಿಂದ ‘ಖೋ’ ಎಂಬ ಕೂಗು ಬಿದ್ದ ಕ್ಷಣಕ್ಕೆ ಚಿಮ್ಮಬೇಕು. ಈ ಆಟ ಅವರ ಮೈಗೆ ಹತ್ತಿತ್ತು. ಸಿ.ಪಿ.ಎಡ್. ತರಬೇತಿ ಮುಗಿಸಿ ಎಂಬತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿದಾಗ ಅವರ ಕೈಯಲ್ಲಿದ್ದ ವಿದ್ಯೆಯೆಂದರೆ ಕಬಡ್ಡಿ ಅಂಕಣದ ಅಳತೆ, ಇನ್ನೂರು ಮೀಟರ್ ಟ್ರ್ಯಾಕ್ ಹಾಕುವ ಲೆಕ್ಕ, ಕವಾಯತಿನ ಆದೇಶಗಳು, ಲೇಜಿಮ್ಮಿನ ಪಟ್ಟುಗಳು. ಎಲ್ಲವೂ ಬೇಕಾದದ್ದೇ. ಆದರೆ ಅದರಲ್ಲಿ ಬಹುಪಾಲು ಹೈಸ್ಕೂಲಿನ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಶಾಲೆಯಲ್ಲಿ ಎದುರಿಗೆ ನಿಂತದ್ದು ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಕ್ಕಳು.

ಮೊದಲ ತೊಡಕು ಎಡ-ಬಲದ್ದು. ‘ದಾಯೇ ಮುಡ್’ ಅಂದರೆ ಯಾರಿಗೂ ತಿಳಿಯದು, ‘ಬಲಕ್ಕೆ ತಿರುಗು’ ಅಂದರೂ ಅಷ್ಟೇ. ಸುತ್ತಮುತ್ತಲಿನ ಶಾಲೆಗಳಲ್ಲೆಲ್ಲ ‘ಉಣ್ಣೋ ಕೈ’ ಎಂದು ಗುರುತು ಹೇಳುವ ರೂಢಿಯಿತ್ತು. ಆದರೆ ಆ ಸಾಲಿನಲ್ಲಿ ಒಬ್ಬ ಎಡಚ ಹುಡುಗನಿದ್ದ. ಎಲ್ಲರೂ ಆ ಕಡೆ ತಿರುಗಿದರೆ ಅವನು ಪ್ರಾಮಾಣಿಕವಾಗಿ ಈ ಕಡೆ ತಿರುಗುತ್ತಿದ್ದ. ಟೀಚರ್ ದಿಕ್ಕನ್ನೇ ಊರಿಗೆ ಕಟ್ಟಿಬಿಟ್ಟರು. ಒಂದು ಮಗ್ಗುಲು ಗುಡಿ, ಒಂದು ಮಗ್ಗುಲು ಕೆರೆ. ‘ಗುಡಿ ಕಡೆ ತಿರುಗು, ಕೆರೆ ಕಡೆ ಎರಡು ಹೆಜ್ಜೆ, ಗುಡಿ ಕಡೆ ನೆಗೆ.’ ಮಕ್ಕಳು ಕಣ್ಣು ಮುಚ್ಚಿದ್ದರೂ ತಪ್ಪಲಿಲ್ಲ. ಎಡ-ಬಲ ಎಂಬ ಮಾತುಗಳನ್ನು ಎರಡನೇ ತರಗತಿಗೆ ಬಿಟ್ಟುಕೊಂಡರು.

ಮೈದಾನ ಅನ್ನುವುದಕ್ಕೆ ಅಲ್ಲಿದ್ದದ್ದು ತುಸು ಇಳಿಜಾರಾದ ಕೆಮ್ಮಣ್ಣಿನ ಬಯಲು, ಮೂಲೆಯಲ್ಲೊಂದು ಬೇವಿನ ಮರ, ಅದರಾಚೆಗೆ ತೆಂಗಿನ ತೋಟ. ಬೆಳಿಗ್ಗೆ ಸಂಜೆ ದನ ಅಡ್ಡ ಹಾಯುತ್ತಿದ್ದವು. ಬೀರುವಿನೊಳಗೆ ಒಂದು ವಾಲಿಬಾಲ್, ಗಾಳಿ ನಿಲ್ಲದ ಒಂದು ಫುಟ್‌ಬಾಲ್, ಗುಂಡು, ತಟ್ಟೆ, ಎರಡು ಸ್ಕಿಪ್ಪಿಂಗ್ ಹಗ್ಗ. ಒಂದು ತರಗತಿಗೆ ನಲವತ್ತು ಮಕ್ಕಳು. ಒಂದು ಚೆಂಡಿಗೆ ನಲವತ್ತು ಮಕ್ಕಳೆಂದರೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಮಗುವಿನ ಕೈಗೆ ಚೆಂಡು ಎಷ್ಟು ಹೊತ್ತು ಸಿಕ್ಕೀತು? ಜೋರಿದ್ದ ಹತ್ತು ಹುಡುಗರು ಆಡುತ್ತಿದ್ದರು, ಮಿಕ್ಕವರು ಬೇವಿನ ನೆರಳಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆದರುತ್ತಿದ್ದರು. ಅನೇಕ ಶಾಲೆಗಳಲ್ಲಿ ಇಂದಿಗೂ ಆಟದ ಪೀರಿಯಡ್ ಎಂದರೆ ಇದೇ. ಕೂತ ಮೂವತ್ತು ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅವರು ಗಲಾಟೆ ಮಾಡುವುದಿಲ್ಲ.

ಹಾಗಾಗಿ ಟೀಚರ್ ಮೊದಲು ಮಾಡಿದ್ದು ಚೆಂಡು ಕಟ್ಟುವ ಕೆಲಸ. ಹಳೆಯ ಸೀರೆ, ಹರಿದ ಬನಿಯನ್, ದರ್ಜಿ ಅಂಗಡಿಯ ತುಂಡುಬಟ್ಟೆ. ಉಂಡೆ ಸುತ್ತಿ ಮೇಲೊಂದು ಗಟ್ಟಿ ಬಟ್ಟೆ ಹೊಲಿದರೆ ಬಟ್ಟೆಚೆಂಡು. ಮೂತಿಗೆ ಬಡಿದರೂ ನೋಯದು, ಇಳಿಜಾರಿನಲ್ಲಿ ಉರುಳಿ ತೋಟಕ್ಕೆ ಹೋಗದು. ಏಳನೇ ತರಗತಿಯ ಮಕ್ಕಳು ಒಂದನೇ ತರಗತಿಗೆ ಹೊಲಿದುಕೊಟ್ಟರು. ಮಗುವಿಗೊಂದು ಚೆಂಡು ಆಯಿತು. ಸೈಕಲ್ ಅಂಗಡಿಯವನು ಬಿಸಾಕಿದ ಟೈರುಗಳು ನೆಲದ ಮೇಲೆ ಸುತ್ತುಗಳಾದವು: ಒಂದರಿಂದ ಇನ್ನೊಂದಕ್ಕೆ ನೆಗೆಯಲು, ಒಳಗೆ ಚೆಂಡು ಎಸೆಯಲು. ಮನೆಗಳಲ್ಲಿ ಕಾಯಿ ತುರಿದು ಉಳಿದ ಕರಟಗಳಿಗೆ ತೂತು ಕೊರೆದು ನಾರಿನ ಹಗ್ಗ ಪೋಣಿಸಿದರು. ಮಗು ಎರಡು ಕರಟದ ಬೆನ್ನ ಮೇಲೆ ಕಾಲಿಟ್ಟು, ಹಗ್ಗ ಬಿಗಿಹಿಡಿದು, ಟಕ್ ಟಕ್ ಎಂದು ನಡೆಯಬೇಕು. ಸಮತೋಲಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಯಾವ ಕಂಪನಿಯೂ ಮಾಡಿಲ್ಲ.

ಎಸೆಯುವುದನ್ನು ಕಲಿಸಿದ ದಿನಗಳು ಅವರ ನೆನಪಿನಲ್ಲಿ ಹೆಚ್ಚು ಹಸಿರಾಗಿವೆ. ಸಣ್ಣ ಮಕ್ಕಳು ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತಾರೆ, ಎದೆ ಗುರಿಯ ಕಡೆಗೇ ಇರುತ್ತದೆ, ಬರೀ ಮೊಳಕೈ ಕೆಲಸ ಮಾಡುತ್ತದೆ. ಚೆಂಡು ನಾಲ್ಕು ಮಾರು ಹೋಗಿ ಬೀಳುತ್ತದೆ. ಪಕ್ಕಕ್ಕೆ ತಿರುಗಿ ನಿಂತು, ಎದುರು ಕಾಲು ಮುಂದಿಟ್ಟು, ಸೊಂಟ ತಿರುಗಿಸಿ, ಕೊನೆಗೆ ಕೈ ಬೀಸಿದರೆ ಅದೇ ಮಗು ಅದೇ ಚೆಂಡನ್ನು ಎರಡರಷ್ಟು ದೂರ ಎಸೆಯುತ್ತದೆ. ಟೀಚರ್ ನೆಲದ ಮೇಲೆ ಬೂದಿಯಲ್ಲಿ ಎರಡು ಹೆಜ್ಜೆಗುರುತು ಬರೆದು, ‘ಇಲ್ಲಿ ಹಿಂದಿನ ಕಾಲು, ಅಲ್ಲಿ ಮುಂದಿನ ಕಾಲು’ ಎಂದು ತೋರಿಸುತ್ತಿದ್ದರು. ಎಡಚನಿಗೆ ಬೇರೆ ಗುರುತು.

ಇಲ್ಲೇ ಅವರು ಒಂದು ಸಂಗತಿ ಗಮನಿಸಿದ್ದು. ಹುಡುಗರಲ್ಲಿ ಬಹುಪಾಲು ಮಂದಿ ಆಗಲೇ ಎಸೆಯಬಲ್ಲವರಾಗಿದ್ದರು, ಹುಡುಗಿಯರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ‘ಅವ್ರಿಗೆ ತಾಕತ್ತಿಲ್ಲ ಮಿಸ್’ ಎಂದು ಹುಡುಗರು ತೀರ್ಪು ಕೊಟ್ಟಿದ್ದರು. ಕಾರಣ ಹುಣಸೆಮರದಲ್ಲಿತ್ತು. ಕಾಯಿ ಉದುರಿಸಲು ಕಲ್ಲು ಬೀರುವವರು ಹುಡುಗರು, ಬಿದ್ದದ್ದನ್ನು ಲಂಗದಲ್ಲಿ ಆಯುವವರು ಹುಡುಗಿಯರು. ಮೂರನೇ ವಯಸ್ಸಿನಿಂದ ಕಲ್ಲು ಬೀರಿದ ತೋಳಿಗೂ ಬೀರದ ತೋಳಿಗೂ ಇರುವ ವ್ಯತ್ಯಾಸವನ್ನು ಹುಟ್ಟಿನ ವ್ಯತ್ಯಾಸವೆಂದು ಊರು ನಂಬಿತ್ತು. ಓಟ, ನೆಗೆತ, ಹಿಡಿತ, ಎಸೆತಗಳಲ್ಲಿ ಹುಡುಗ-ಹುಡುಗಿಯರ ನಡುವೆ ಅತಿ ಹೆಚ್ಚು ಅಂತರ ಕಾಣುವುದು ಎಸೆತದಲ್ಲೇ ಎಂದು ಈ ವಿಷಯ ಓದಿದವರೂ ಹೇಳುತ್ತಾರೆ. ಅದರಲ್ಲಿ ಅಭ್ಯಾಸದ ಪಾಲೂ ಇದೆ. ಟೀಚರ್ ಗೋಡೆಯ ಮೇಲೆ ಇದ್ದಲಿನಲ್ಲಿ ಸುತ್ತು ಬರೆದು, ವಾರಕ್ಕೊಂದು ಪೀರಿಯಡ್ ಹುಡುಗಿಯರಿಗೆ ಎಸೆತವನ್ನೇ ಕೊಟ್ಟರು. ಎರಡನೇ ವರ್ಷಕ್ಕೆ ಲಗೋರಿಯಲ್ಲಿ ಬಿಲ್ಲೆ ಉರುಳಿಸುವವರಲ್ಲಿ ಹುಡುಗಿಯರೂ ಸಮಸಮಕ್ಕೆ ಬಂದಿದ್ದರು. ‘ತಾಕತ್ತಿಲ್ಲ’ ಎಂಬ ಮಾತು ಆ ಅಂಗಳದಲ್ಲಿ ಆಮೇಲೆ ಕೇಳಲಿಲ್ಲ.

ಹಿಡಿಯುವುದು ಎಸೆಯುವುದಕ್ಕಿಂತ ಕಷ್ಟ. ಚೆಂಡು ಹತ್ತಿರ ಬಂದ ಕೂಡಲೇ ಮಗು ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಅದು ಹೆದರಿಕೆ, ಹೆದರಿಕೆಗೆ ಗದರಿಕೆ ಮದ್ದಲ್ಲ. ತೆಳು ಸೀರೆಯ ಸೆರಗನ್ನು ಕರವಸ್ತ್ರದಷ್ಟು ತುಂಡು ಮಾಡಿ ಮೇಲಕ್ಕೆ ಹಾರಿಸಿದರೆ ಅದು ಗಾಳಿಯಲ್ಲಿ ತೇಲುತ್ತಾ ನಿಧಾನಕ್ಕೆ ಇಳಿಯುತ್ತದೆ. ಕಣ್ಣಿಗೆ ಹಿಂಬಾಲಿಸಲು ಹೊತ್ತು ಸಿಗುತ್ತದೆ, ಕೈಗೆ ತಯಾರಾಗಲು ಹೊತ್ತು ಸಿಗುತ್ತದೆ. ಸೆರಗಿನ ತುಂಡಾದ ಮೇಲೆ ಬಲೂನು, ಆಮೇಲೆ ದೊಡ್ಡ ಮೆತ್ತನೆ ಚೆಂಡು, ಆಮೇಲೆ ಬಟ್ಟೆಚೆಂಡು. ಟೆನಿಸ್ ಚೆಂಡು ಬರುವ ಹೊತ್ತಿಗೆ ಮಗು ನಾಲ್ಕನೇ ತರಗತಿಯಲ್ಲಿರುತ್ತಿತ್ತು. ಈ ಮೆಟ್ಟಿಲುಗಳನ್ನು ಹಾರಿಸಿ ಮೊದಲ ದಿನವೇ ಗಟ್ಟಿ ಚೆಂಡು ಎಸೆದರೆ ಏನಾಗುತ್ತದೆ ಎಂಬುದಕ್ಕೆ ಜೀವಮಾನವಿಡೀ ಚೆಂಡು ಕಂಡರೆ ದೂರ ಸರಿಯುವ ದೊಡ್ಡವರು ನಮ್ಮ ಸುತ್ತಲೇ ಇದ್ದಾರೆ.

ಊರಿನ ಆಟಗಳೇ ಅವರಿಗೆ ಪಠ್ಯಪುಸ್ತಕ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ನೆಗೆತವಿದೆ, ಗೆರೆ ಮುಟ್ಟದೆ ನಿಲ್ಲುವ ಹಿಡಿತವಿದೆ, ಬಗ್ಗಿ ಬಿಲ್ಲೆ ಎತ್ತುವ ಸಮತೋಲವಿದೆ. ಟೀಚರ್ ಸೇರಿಸಿದ್ದು ಒಂದೇ ನಿಯಮ: ನೆಗೆದು ಇಳಿಯುವಾಗ ಸದ್ದಾಗಬಾರದು. ಸದ್ದಾಗದಿರಬೇಕಾದರೆ ಮಂಡಿ ಮಡಚಲೇಬೇಕು, ಮುಂಗಾಲ ಮೇಲೆ ಇಳಿಯಲೇಬೇಕು. ಉದ್ದ ಜಿಗಿತಕ್ಕೂ ಖೊಖೊಗೂ ಮುಂದೆ ಬೇಕಾಗುವ ಪಾಠ ಅಲ್ಲಿಗೆ ಮುಗಿಯಿತು. ಬಿಸಿಲಲ್ಲಿ ಕಾಳು ಒಣಹಾಕಲು ಶಾಲೆಯ ಪಕ್ಕಕ್ಕೆ ಬರುತ್ತಿದ್ದ ಒಬ್ಬ ಅಜ್ಜಿ ಒಂದು ದಿನ ನೋಡುತ್ತಾ ನಿಂತವರು, ‘ಹಂಗಲ್ಲ ಕಣ್ರವ್ವಾ, ನಮ್ ಕಾಲ್ದಾಗೆ ಹಿಂಗೆ’ ಎಂದು ಸೀರೆ ಎತ್ತಿಕಟ್ಟಿ ಮೂರು ಮನೆ ಕುಂಟಿಯೇಬಿಟ್ಟರು. ಮಕ್ಕಳ ಕೂಗು ಗುಡಿಯವರೆಗೆ ಕೇಳಿತು. ಆ ವಯಸ್ಸಿನಲ್ಲೂ ಒಂಟಿ ಕಾಲಲ್ಲಿ ನಿಲ್ಲಬಲ್ಲವರು ಬಾಲ್ಯದಲ್ಲಿ ಎಷ್ಟು ಕುಂಟಿರಬೇಕು ಎಂದು ಟೀಚರ್ ಅಂದು ಮಕ್ಕಳಿಗೆ ಕೇಳಿದ ಪ್ರಶ್ನೆಗೆ ಉತ್ತರವಾಗಿ ಅರ್ಧ ತರಗತಿ ಕುಂಟುತ್ತಲೇ ಮನೆಗೆ ಹೋಯಿತು.

ಆದರೆ ಊರಿನ ಆಟಗಳಲ್ಲಿ ಅವರಿಗೆ ಒಪ್ಪಿಗೆಯಾಗದ ಒಂದು ಸಂಗತಿಯಿತ್ತು. ಕೆರೆ-ದಡ ಆಡಿಸಿದರೆ ಮೊದಲು ಔಟಾಗುವುದು ನಿಧಾನದ ಮಗು. ಔಟಾದ ಮಗು ಹೋಗಿ ಕೂರಬೇಕು. ಆಟ ಮುಗಿಯುವವರೆಗೆ ಓಡಾಡುತ್ತಾ ಇನ್ನಷ್ಟು ಚುರುಕಾಗುವುದು ಮೊದಲೇ ಚುರುಕಾಗಿದ್ದವರು. ಯಾರಿಗೆ ಅಭ್ಯಾಸ ಬೇಕೋ ಅವರಿಗೇ ಕಡಿಮೆ ಅಭ್ಯಾಸ. ಟೀಚರ್ ನಿಯಮ ತಿದ್ದಿದರು. ಔಟಾದವರು ಓಡಿಹೋಗಿ ಬೇವಿನ ಮರ ಮುಟ್ಟಬೇಕು, ಅಲ್ಲಿ ಹತ್ತು ಸಲ ಹಗ್ಗದಾಟ ಆಡಬೇಕು, ಮತ್ತೆ ಆಟಕ್ಕೆ ಬರಬೇಕು. ಹೆಚ್ಚು ಸಲ ಔಟಾದವರಿಗೆ ಹೆಚ್ಚು ಆಟ! ಕೆಲವು ಮಕ್ಕಳು ಬೇಕೆಂದೇ ಔಟಾಗತೊಡಗಿದಾಗ ಅವರಿಗೆ ಸಂತೋಷವೇ ಆಯಿತು.

ಹೊಟ್ಟೆನೋವಿನ ಹುಡುಗನ ಕತೆ ಇದಕ್ಕೆ ಸೇರಿದ್ದು. ದಿನಸಿ ಅಂಗಡಿಯ ಮನೆಯ ಆ ಹುಡುಗ ತುಸು ದಪ್ಪ. ಆಟದ ಪೀರಿಯಡ್ ಇದ್ದ ದಿನ ಅವನಿಗೆ ತಪ್ಪದೆ ಹೊಟ್ಟೆನೋವು. ಹಿಂದೆ ಅವನಿಗೆ ಸ್ಕೋರ್ ಬರೆಯುವ ಕೆಲಸ ಕೊಡುತ್ತಿದ್ದರಂತೆ, ಬರಹವೂ ಅಚ್ಚುಕಟ್ಟು. ಟೀಚರ್ ಸ್ಕೋರ್ ಪುಸ್ತಕ ಕಿತ್ತುಕೊಳ್ಳಲಿಲ್ಲ. ಯಾರೂ ಇಲ್ಲದ ಹೊತ್ತಲ್ಲಿ ಹಗ್ಗ ಕೊಟ್ಟರು. ಮೊದಲು ಹಗ್ಗವನ್ನು ನೆಲದ ಮೇಲೆ ಹಾವಿನಂತೆ ಬಿಟ್ಟು ದಾಟಿಸಿದರು. ಆಮೇಲೆ ಹಗ್ಗವಿಲ್ಲದೆ ಬರೀ ನೆಗೆತ, ಆಮೇಲೆ ಒಂದೇ ಕೈಯಲ್ಲಿ ಹಗ್ಗ ತಿರುಗಿಸುತ್ತಾ ಅದರ ಸದ್ದಿಗೆ ನೆಗೆಯುವುದು, ಕೊನೆಗೆ ಎರಡೂ ಸೇರಿಸುವುದು. ದೀಪಾವಳಿ ಹೊತ್ತಿಗೆ ಅವನು ನಿಲ್ಲದೆ ಇಪ್ಪತ್ತರವರೆಗೆ ಎಣಿಸುತ್ತಿದ್ದ. ಅವನು ಯಾವ ಪದಕವನ್ನೂ ಗೆಲ್ಲಲಿಲ್ಲ, ಓಟದಲ್ಲಿ ಕೊನೆಯವನಾಗಿಯೇ ಉಳಿದ. ಹೊಟ್ಟೆನೋವು ಮಾತ್ರ ಬರಲಿಲ್ಲ.

ಓಟ ಅಂದರೆ ಮಕ್ಕಳಿಗೆ ಒಂದೇ ವೇಗ. ಸೀಟಿ ಊದಿದ ಕೂಡಲೇ ಪ್ರಾಣ ಬಿಟ್ಟು ಓಡಿ, ಅರ್ಧ ಸುತ್ತಿಗೆ ಏದುಸಿರು ಬಿಡುತ್ತಾ ಪಕ್ಕೆ ಹಿಡಿದುಕೊಂಡು ನಿಲ್ಲುತ್ತಾರೆ. ಪಕ್ಕದವರ ಜೊತೆ ಮಾತಾಡಿಕೊಂಡೇ ಓಡಬೇಕು, ಮಾತು ನಿಂತರೆ ವೇಗ ಜಾಸ್ತಿಯಾಯಿತೆಂದು ಲೆಕ್ಕ, ಇದು ಟೀಚರ್ ಹೇಳಿಕೊಟ್ಟ ಉಪಾಯ. ಮಗುವಿನ ಎದೆಬಡಿತ ದೊಡ್ಡವರಿಗಿಂತ ವೇಗ, ಬೆವರುವುದು ಕಡಿಮೆ, ಹಾಗಾಗಿ ಮೈ ಬೇಗ ಕಾಯುತ್ತದೆ. ಆದರೆ ಸ್ವಲ್ಪ ಹೊತ್ತು ಓಡಿ ಸ್ವಲ್ಪ ಹೊತ್ತು ನಿಂತರೆ ಬಲು ಬೇಗ ಸುಧಾರಿಸಿಕೊಳ್ಳುತ್ತದೆ. ಒಂದೇ ಸಮ ಐದು ಸುತ್ತು ಓಡಿಸುವುದಕ್ಕಿಂತ ಮುಟ್ಟಾಟ ಆಡಿಸುವುದು ಅವರ ಮೈಗೆ ಒಗ್ಗುತ್ತದೆ. ತಡವಾಗಿ ಬಂದವರಿಗೆ ಮೈದಾನ ಸುತ್ತಿಸುವ ಶಿಕ್ಷೆಗೆ ಟೀಚರ್ ಕಡೆಯವರೆಗೂ ವಿರುದ್ಧವಾಗಿದ್ದರು. ಶಿಕ್ಷೆಯಾಗಿ ಕಲಿತ ಓಟವನ್ನು ಯಾವ ಮಗು ಖುಷಿಗಾಗಿ ಓಡೀತು? 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ಸಹೋದ್ಯೋಗಿಗಳೆದುರು ಅವರ ವಾದಕ್ಕೊಂದು ಬಲ ಬಂತು.

ಹೊಟ್ಟೆಯ ಮಾತನ್ನು ಬಿಟ್ಟು ಈ ಪಾಠದ ಮಾತಾಡಲಾಗದು. ಮೊದಲ ವರ್ಷಗಳಲ್ಲಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಮಕ್ಕಳು ತಲೆಸುತ್ತಿ ಬೀಳುತ್ತಿದ್ದರು. ಅಂಥವರನ್ನು ಓಡಿಸುವುದು ಹೇಗೆ? 2002ರಲ್ಲಿ ರಾಜ್ಯದ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ಈ ಕಡೆಯ ಶಾಲೆಗಳಿಗೂ ಬಂತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದು ಬೆಳಿಗ್ಗೆ ಒಂದು ಲೋಟ ಹಾಲು ಸೇರಿತು. ವರ್ಷದೊಳಗೆ ಅಂಗಳದ ಸದ್ದೇ ಬೇರೆಯಾಯಿತು ಎನ್ನುತ್ತಾರೆ ಟೀಚರ್. ಆಗ ಹೊಸ ತೊಡಕು: ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ ಇದ್ದದ್ದು ಊಟವಾದ ಕೂಡಲೇ. ತುಂಬಿದ ಹೊಟ್ಟೆಯಲ್ಲಿ ನೆಗೆದರೆ ವಾಂತಿ. ಹೆಡ್‌ಮೇಷ್ಟ್ರ ಹತ್ತಿರ ಪಟ್ಟು ಹಿಡಿದು ಸಣ್ಣ ತರಗತಿಗಳ ಪೀರಿಯಡ್ಡುಗಳನ್ನು ಬೆಳಿಗ್ಗೆಗೆ ತಂದರು. ಇದಕ್ಕೆ ಪಾಠದ ಮೇಷ್ಟ್ರುಗಳು ಸುಲಭಕ್ಕೆ ಒಪ್ಪಲಿಲ್ಲ. ಬೆಳಗಿನ ಹೊತ್ತು ಗಣಿತಕ್ಕೆ ಎಂಬುದು ಎಲ್ಲ ಶಾಲೆಗಳ ಅಲಿಖಿತ ಕಾನೂನು.

ಫೆಬ್ರವರಿ ಬಂತೆಂದರೆ, ‘ಮೇಡಂ, ನಿಮ್ ಪೀರಿಯಡ್ ಒಂದ್ ಬಿಟ್ಕೊಡಿ, ಪೋರ್ಷನ್ ಮುಗ್ದಿಲ್ಲ’ ಎಂಬ ಕೋರಿಕೆ. ಜಗಳವಾಡಿದರೆ ವರ್ಷವಿಡೀ ಮುಖ ನೋಡಬೇಕು. ಟೀಚರ್ ಗಣಿತದ ಮೇಷ್ಟ್ರನ್ನೇ ಅಂಗಳಕ್ಕೆ ಕರೆದರು. ಮಕ್ಕಳು ಉದ್ದ ನೆಗೆದರು, ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಅಳೆದರು, ಮೂರು ನೆಗೆತದ ಸರಾಸರಿ ತೆಗೆದರು, ಹಿಂದಿನ ತಿಂಗಳಿಗೂ ಈ ತಿಂಗಳಿಗೂ ವ್ಯತ್ಯಾಸ ಕಳೆದರು. ದಶಮಾಂಶ ಅಂದರೆ ಏನೆಂದು ಅಂದು ಅರ್ಥವಾಯಿತೆಂದು ಹೇಳಿದ ಮಕ್ಕಳೂ ಇದ್ದರು. ಆಮೇಲೆ ಆ ಮೇಷ್ಟ್ರು ಪೀರಿಯಡ್ ಕೇಳುವುದು ಕಡಿಮೆಯಾಯಿತು, ಟೇಪು ಹಿಡಿದು ಬರುವುದು ಹೆಚ್ಚಾಯಿತು.

ಕಪ್ಪಿನ ಒತ್ತಡವೂ ಕಡಿಮೆಯದಲ್ಲ. ಆಗಸ್ಟ್ ಬಂದರೆ ಕ್ಲಸ್ಟರ್ ಮಟ್ಟದ ಕ್ರೀಡಾಕೂಟ, ಗೆದ್ದರೆ ಹೋಬಳಿ, ತಾಲ್ಲೂಕು. ಊರಿನ ಹಿರಿಯರು ಬೀದಿಯಲ್ಲಿ ತಡೆದು, ‘ಈ ಸಲ ಏನ್ ತರ್ತೀರಿ ಮೇಡಮ್ಮೋರೆ?’ ಎನ್ನುತ್ತಿದ್ದರು. ಖೊಖೊ ಆಡಿ ಬಂದವರಿಗೆ ಗೆಲುವಿನ ರುಚಿ ಗೊತ್ತಿಲ್ಲದೆ ಇಲ್ಲ. ಅವರು ಗೆರೆ ಎಳೆದುಕೊಂಡದ್ದು ಇಷ್ಟೇ: ಪೀರಿಯಡ್ ಎಲ್ಲರದು, ತಂಡದ ಅಭ್ಯಾಸ ಶಾಲೆ ಬಿಟ್ಟ ಮೇಲೆ. ಸಂಜೆ ನಾಲ್ಕೂವರೆಯಿಂದ ಬೆಳಕಿರುವವರೆಗೆ ಹುಡುಗಿಯರ ಖೊಖೊ ತಂಡ ಕಟ್ಟಿದರು. ಆ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದದ್ದೂ ಉಂಟು. ಟೆಂಪೊದಲ್ಲಿ ಚಿತ್ರಾನ್ನದ ಡಬ್ಬಿಗಳ ಜೊತೆ ಹಾಡುತ್ತಾ ವಾಪಸಾದ ಸಂಜೆಗಳನ್ನು ನೆನೆಯುವಾಗ ಅವರ ದನಿ ಈಗಲೂ ಏರುತ್ತದೆ.

ಆ ತಂಡ ಕಟ್ಟಲು ಮೈದಾನದಲ್ಲಿ ಪಟ್ಟ ಶ್ರಮಕ್ಕಿಂತ ಮನೆಗಳ ಜಗುಲಿಯಲ್ಲಿ ಪಟ್ಟದ್ದು ಹೆಚ್ಚು. ‘ನಮ್ ಹುಡ್ಗಿ ಚಡ್ಡಿ ಹಾಕ್ಕಂಡು ಓಡೋದ್ ಬ್ಯಾಡ ಬಿಡಿ’ ಎಂದ ತಂದೆಯಂದಿರ ಹತ್ತಿರ ಅವರು ವಾದಕ್ಕಿಳಿಯಲಿಲ್ಲ. ಕಾಲುಮುಚ್ಚುವ ಟ್ರ್ಯಾಕ್ ಪ್ಯಾಂಟ್ ಹಾಕಿಸುತ್ತೇನೆ, ಜೊತೆಗೆ ನಾನೇ ಹೋಗಿ ನಾನೇ ಮನೆ ಬಾಗಿಲಿಗೆ ಬಿಡುತ್ತೇನೆ ಎಂದರು. ಆರನೇ, ಏಳನೇ ತರಗತಿಯ ಕೆಲವು ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುತ್ತಿರಲಿಲ್ಲ. ಆ ಮಾತನ್ನು ಅಡುಗೆಮನೆಯೊಳಗೆ ಕೂತು ತಾಯಂದಿರ ಹತ್ತಿರ ಆಡಿದರು. ಮುಟ್ಟಾದ ಹುಡುಗಿ ಓಡಬಾರದೆಂದು ಎಲ್ಲೂ ಇಲ್ಲ, ಅವಳಿಗೆ ಆಗುವುದಾದರೆ ಓಡಬಹುದು, ನೋವಿದ್ದರೆ ಕೂರಬಹುದು, ತೀರ್ಮಾನ ಅವಳದು. ಊರಿನ ಹೊರಗಿನಿಂದ ಬಂದ ಹೆಂಗಸಾಗಿ ಈ ಮಾತು ಹೇಳಲು ಅವರಿಗೆ ಹೆಚ್ಚು ಧೈರ್ಯ ಬೇಕಾಗಿತ್ತು. ನೂರು ಮೀಟರ್ ಓಟದ ದಾಖಲೆಗಳನ್ನು ಬರೆದಿಡುವವರು ಇಂಥ ಗೆಲುವುಗಳನ್ನೂ ಎಲ್ಲಾದರೂ ಬರೆದಿಡಬೇಕು.

ಅವರ ಶಾಲೆಗೆ ದೈಹಿಕ ಶಿಕ್ಷಕಿ ಇದ್ದರು. ಮೂರು ಮೈಲಿ ಆಚೆಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರಲಿಲ್ಲ. ರಾಜ್ಯದ ಅದೆಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳ ಸ್ಥಿತಿ ಇದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಓಡು, ನೆಗೆ, ಎಸೆ, ಹಿಡಿ ಎಂಬ ಮೂಲ ಪಾಠಗಳನ್ನೆಲ್ಲ ಕಲಿಯುವ ಆರರಿಂದ ಹತ್ತರ ವಯಸ್ಸು ಕಾಯ್ದೆಯ ಈ ಸಾಲಿನ ಹೊರಗುಳಿಯಿತು. ಐದನೇ ತರಗತಿಯವರೆಗೆ ಚೆಂಡು ಹಿಡಿಯಲು ಕಲಿಯದ ಮಗುವನ್ನು ಆರನೇ ತರಗತಿಯಲ್ಲಿ ಥ್ರೋಬಾಲ್ ಅಂಕಣಕ್ಕೆ ತಂದು ನಿಲ್ಲಿಸಿದರೆ ಅದು ಹಿಂದಿನ ಸಾಲಿಗೆ ಸರಿದು ನಿಲ್ಲುತ್ತದೆ. ಈ ಕೊರತೆಯ ಬಗ್ಗೆ ಮಾತಾಡುವವರು ಇಂದಿಗೂ ಕಡಿಮೆ.

ಟೀಚರ್ ಸಮಾಲೋಚನಾ ಸಭೆಗಳಲ್ಲಿ ಕಿರಿಯ ಶಾಲೆಯ ಶಿಕ್ಷಕಿಯರನ್ನು ಹಿಡಿದುಕೊಂಡರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಅಷ್ಟರಲ್ಲಿ ಎಲ್ಲೆಡೆ ಹಬ್ಬಿತ್ತು, ಒಂದರಿಂದ ಮೂರನೇ ತರಗತಿಯ ಮಕ್ಕಳು ಹಾಡಿ ಕುಣಿದು ಅಕ್ಷರ ಕಲಿಯುತ್ತಿದ್ದರು. ಆ ಕುಣಿತದಲ್ಲೇ ಮೂರು ಅಂಶ ಸೇರಿಸಿ ಎಂಬುದು ಅವರ ಸಲಹೆ. ಹಾಡಿನ ಒಂದು ಸಾಲು ಒಂಟಿ ಕಾಲಲ್ಲಿ, ಒಂದು ಸಾಲು ಕಪ್ಪೆನೆಗೆತದಲ್ಲಿ, ಒಂದು ಸಾಲು ಹಿಂದಕ್ಕೆ ನಡೆಯುತ್ತಾ. ಸೀಟಿ ಬೇಡ, ಪ್ರತ್ಯೇಕ ಪೀರಿಯಡ್ ಬೇಡ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಕೆಲವೇ ಪೀರಿಯಡ್ಡುಗಳಲ್ಲಿ ಅದು ತುಂಬುವುದಿಲ್ಲ. ಬಿಡುವಿನ ಹೊತ್ತು, ಶಾಲೆಗೆ ನಡೆದು ಬರುವ ದಾರಿ, ಮನೆಯ ಮುಂದಿನ ಬೀದಿ ಇವೆಲ್ಲ ಸೇರಿದರೆ ಮಾತ್ರ ತುಂಬೀತು. ಅದಕ್ಕೇ ಅವರು ಮನೆಗೆಲಸ ಕೊಡುತ್ತಿದ್ದರು: ಇವತ್ತು ನಿಮ್ಮ ಬೀದಿಯಲ್ಲಿ ಮೂರು ಮಕ್ಕಳಿಗೆ ಕುಂಟೆಬಿಲ್ಲೆ ಹೇಳಿಕೊಡಿ.

ಮಕ್ಕಳನ್ನು ಅಳೆಯುವ ಪದ್ಧತಿ ಬಂದದ್ದು ಅವರ ಸೇವೆಯ ಕೊನೆಯ ವರ್ಷಗಳಲ್ಲಿ. 2019ರ ಆಗಸ್ಟ್ 29ರಂದು, ಧ್ಯಾನ್‌ಚಂದ್ ಹುಟ್ಟಿದ ದಿನ, ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಖೇಲೊ ಇಂಡಿಯಾದ ಶಾಲಾ ಫಿಟ್‌ನೆಸ್ ಪರೀಕ್ಷೆಯ ಪಟ್ಟಿ ನೋಡಿದಾಗ ಅವರಿಗೆ ಆದ ಆನಂದ ಅಷ್ಟಿಷ್ಟಲ್ಲ. ಐದರಿಂದ ಎಂಟು ವರ್ಷದವರಿಗೆ ಎತ್ತರ-ತೂಕದ ಜೊತೆಗೆ ಇದ್ದದ್ದು ಎರಡೇ ಪರೀಕ್ಷೆ: ಒಂಟಿ ಕಾಲಲ್ಲಿ ಒಂದು ನಿಮಿಷ ನಿಲ್ಲುವ ಫ್ಲೆಮಿಂಗೊ ಪರೀಕ್ಷೆ, ಎರಡು ಬಿಲ್ಲೆಗಳನ್ನು ಬೇಗ ಬೇಗ ಮುಟ್ಟುವ ಪರೀಕ್ಷೆ. ಒಂಬತ್ತು ದಾಟಿದವರಿಗೆ 50 ಮೀಟರ್ ಓಟ, 600 ಮೀಟರ್ ಓಟ, ಕೂತು ಮುಂದಕ್ಕೆ ಬಾಗುವುದು, ಹೊಟ್ಟೆಯ ಬಲ, ದಂಡ. ಪರೀಕ್ಷೆಯ ಅಂಕಿಗಳನ್ನು ಅವರು ಎಂದೂ ತರಗತಿಯಲ್ಲಿ ಓದಲಿಲ್ಲ. ಪ್ರತಿ ಮಗುವನ್ನೂ ಹತ್ತಿರ ಕರೆದು ಅದರ ಹಿಂದಿನ ಅಂಕಿಯನ್ನಷ್ಟೇ ತೋರಿಸುತ್ತಿದ್ದರು. ಕಳೆದ ಸಲ ನಾಲ್ಕು ಸಲ ಕಾಲು ಊರಿದ್ದೆ, ಈ ಸಲ ಎರಡೇ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಆ ಆಗಸ್ಟಿನಲ್ಲಿ ಶಾಲೆಯ ಹೊರಗೇ ಪಾಠ ಹೇಳುವ ವಿದ್ಯಾಗಮ ಶುರುವಾದಾಗ ಟೀಚರ್ ಗುಡಿಯ ಪ್ರಾಂಗಣದಲ್ಲಿ ಪಾಠ ಹೇಳುವವರ ಜೊತೆ ನಿಂತು, ದೂರ ದೂರಕ್ಕೆ ಬರೆದ ಚೌಕಗಳೊಳಗೆ ಮಕ್ಕಳನ್ನು ಕುಂಟಿಸಿದರು. ಆ ವ್ಯವಸ್ಥೆಯೂ ಅಕ್ಟೋಬರಿನಲ್ಲಿ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ. ಎರಡನೇ ತರಗತಿಯಲ್ಲಿ ಕೂತ ಮಕ್ಕಳು ಶಾಲೆಯ ಅಂಗಳವನ್ನು ಕಾಣುತ್ತಿದ್ದದ್ದು ಅದೇ ಮೊದಲು. ಓಡುವಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು, ಗುಂಪಿನಲ್ಲಿ ಜಾಗ ಬಿಟ್ಟು ಓಡುವುದೇ ಗೊತ್ತಿರಲಿಲ್ಲ. ಮುಂಚೆ ಚುರುಕಾಗಿದ್ದವರೂ ಬೇಗ ಏದುಸಿರು ಬಿಡುತ್ತಿದ್ದರು. ಪಾಠದಲ್ಲಿ ಹಿಂದುಳಿದದ್ದನ್ನು ತುಂಬಿಸಲು ಎಲ್ಲರೂ ಅವಸರಪಟ್ಟರು. ಮೈ ಹಿಂದುಳಿದದ್ದನ್ನು ಅವರು ಬಿಡಿಬಿಡಿಯಾಗಿ, ನಡಿಗೆಯಿಂದ ಶುರು ಮಾಡಿ ತುಂಬಿಸುತ್ತಾ ಹೋದರು. ನಿವೃತ್ತಿಯಾಗುವವರೆಗೂ ಅದೇ ಕೆಲಸ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು ಭಾರತದ ಮಹಿಳೆಯರೂ ಪುರುಷರೂ ಗೆದ್ದರು. ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆಡಿದ್ದರು. ಟೀಚರ್ ಆ ಫೈನಲನ್ನು ಟೀವಿಯಲ್ಲಿ ಹಳೆಯ ತಂಡದ ಇಬ್ಬರು ಹುಡುಗಿಯರ ಜೊತೆ ನೋಡಿದರು. ಇಬ್ಬರೂ ಈಗ ಮಕ್ಕಳ ತಾಯಂದಿರು. ಕೆಮ್ಮಣ್ಣಿನ ಮೇಲೆ ಆಡಿದ ಆಟ ಮ್ಯಾಟಿನ ಮೇಲೆ ಎಷ್ಟು ವೇಗವಾಗಿದೆ ಎಂದು ಮೂವರೂ ಬೆರಗಾದರು.

ಈಗಲೂ ಅವರನ್ನು ಹುಡುಕಿಕೊಂಡು ಬರುವವರಿದ್ದಾರೆ. ಕಳೆದ ವರ್ಷ ಬಂದವರು ಅದೇ ಮೂರು ಮೈಲಿ ಆಚೆಯ ಕಿರಿಯ ಪ್ರಾಥಮಿಕ ಶಾಲೆಯ ಹೊಸ ಶಿಕ್ಷಕಿ. ಸಮಗ್ರ ಶಿಕ್ಷಣದ ಕ್ರೀಡಾ ಅನುದಾನ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000. ‘ವಾಲಿಬಾಲ್ ಮತ್ತೆ ನೆಟ್ ತಗೊಳ್ಳಿ ಅಂತಿದಾರೆ ಅಂಗಡಿಯವರು, ಏನ್ ಮಾಡ್ಲಿ ಅಕ್ಕ?’ ಎಂದು ಅವರ ಪ್ರಶ್ನೆ. ಐದನೇ ತರಗತಿಯವರೆಗಿನ ಮಕ್ಕಳು ಆ ನೆಟ್ಟಿನ ಮೇಲಿಂದ ಚೆಂಡು ದಾಟಿಸಲಾರರು, ನೆಟ್ಟು ಬೀರುವಿನಲ್ಲಿ ಇಲಿ ಪಾಲಾಗುತ್ತದೆ ಎಂದರು ಟೀಚರ್. ಚಿಕ್ಕ ಮೆತ್ತನೆ ಚೆಂಡು ಮಕ್ಕಳಷ್ಟೇ ಸಂಖ್ಯೆಯಲ್ಲಿ ತೆಗೆದುಕೊಳ್ಳಿ. ಒಂದು ಒಳ್ಳೆಯ ಅಳತೆ ಟೇಪು, ಒಂದು ಸೀಟಿ, ಗಾಯಕ್ಕೆ ಔಷಧದ ಡಬ್ಬಿ. ಟೈರು ಸೈಕಲ್ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಹಗ್ಗಕ್ಕೆ ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋಗಬೇಡಿ, ಸಂತೆಯಲ್ಲಿ ಹಗ್ಗ ಮಾರುವವರ ಹತ್ತಿರ ಅಳತೆ ಕೊಟ್ಟು ಕತ್ತರಿಸಿಕೊಳ್ಳಿ. ಮಗು ಹಗ್ಗದ ನಡುವೆ ಎರಡೂ ಕಾಲಿಟ್ಟು ನಿಂತರೆ ತುದಿಗಳು ಕಂಕುಳಿನವರೆಗೆ ಬರಬೇಕು. ಒಂದನೇ ತರಗತಿಗೆ ಒಂದು ಅಳತೆ, ಐದನೇ ತರಗತಿಗೆ ಇನ್ನೊಂದು, ಎರಡನ್ನೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಇಡಿ.